ಕೋಲಿಗೂ ಚರ್ಮಕ್ಕೂ ನಡುವಿನ ಗೇಣು

ಗೂಡೂರು,
ಅಳಿಸಿದ ವರ್ಷದಿಂದ ಇನ್ನೂರ ಹದಿನಾಲ್ಕು, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ಚಿತ್ರಗಾರ್ತಿ ಅನಸೂಯಾ ಬಣಕಾರ ಅವರಿಗೆ ಹಾಲವ್ವೆಯ ನಮಸ್ಕಾರ.

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ; ನಮಗೆ ಸಿಕ್ಕ ನಿಮ್ಮ ನೋಟ್‌ಬುಕ್ಕಿನ ಭಾಷೆಯಲ್ಲೇ ಬರೆಯಲು ಕಷ್ಟಪಟ್ಟಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಅದಕ್ಕೆ ಮಾತ್ರ ಕ್ಷಮೆ ಕೇಳಲಾರೆ. ಅದಕ್ಕೆ ಕಾರಣ ನೀವು.

ಗೂಡೂರು ಎಂದರೆ ಮನೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ, ಹೀಗೆ ಅರವತ್ತು ಅಂತಸ್ತು. ನಡುವೆ ಒಂದು ಅಂಗಳ. ಗೋಡೆಗಳು ಹಪ್ಪಳದಷ್ಟು ತೆಳು. ಪಕ್ಕದವರು ಸೀನಿದರೆ ನಮ್ಮ ಮನೆಯ ಮಗು ಎದ್ದು ಕೂರುತ್ತದೆ. ಆದ್ದರಿಂದ ಸದ್ದಿಲ್ಲದೆ ಬದುಕುವುದೇ ನಮ್ಮ ಮರ್ಯಾದೆ. ಪಾತ್ರೆಗಳಿಗೆ ಬಟ್ಟೆಯ ಅಂಚು ಹೊಲಿಯುತ್ತೇವೆ, ಕಾಲಿಗೆ ಮೆತ್ತಡಿ ಎಂಬ ಹತ್ತಿಯ ಚಪ್ಪಲಿ ಹಾಕುತ್ತೇವೆ. ಕುರಿ ಮೇಕೆಗಳಿಲ್ಲ, ಚರ್ಮವನ್ನು ನಾನು ಮುಟ್ಟಿಯೇ ಇಲ್ಲ. ಅಳಿಸಿದ ವರ್ಷ ಎಂದರೆ ಯಂತ್ರಗಳಲ್ಲಿ ಕೂಡಿಟ್ಟಿದ್ದ ಹಾಡು, ಸಿನಿಮಾ, ಫೋಟೋಗಳೆಲ್ಲ ಒಂದೇ ವಾರದಲ್ಲಿ ಅಳಿದುಹೋದ ವರ್ಷ. ನಿಮ್ಮ ಹತ್ತೊಂಬತ್ತು ಡೊಳ್ಳು ಕುಣಿತದ ಚಿತ್ರಗಳು ಬಟ್ಟೆಯ ಮೇಲಿದ್ದವು, ಉಳಿದುಕೊಂಡವು.

ಅವನ್ನು ನೋಡಿಯೇ ನಮ್ಮ ಹಿರಿಯರು ಕುಣಿತ ಕಲಿತರು. ಬಾಗಿದ ಮೊಣಕಾಲು, ಹಾರುವ ಕಂಬಳಿ, ಹಣೆಯ ಭಂಡಾರದ ಅರಿಶಿನ, ಯಾವುದನ್ನೂ ಬಿಟ್ಟಿಲ್ಲ. ಡೊಳ್ಳನ್ನು ಒತ್ತಿದ ನಾರಿನಿಂದ ಮಾಡುತ್ತೇವೆ, ಒಳಗೆಲ್ಲ ಗಟ್ಟಿ. ನಿಮ್ಮ ಕಾಲದವರು ಬಾಳಿನ ಹೊರೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಕುಣಿಯುತ್ತಿದ್ದರು ಎಂದು ನಮ್ಮ ಪಾಠಪುಸ್ತಕ ಹೇಳುತ್ತದೆ. ನಗು ಬಂದರೆ ನಗಿ. ಹತ್ತೊಂಬತ್ತು ಚಿತ್ರಗಳಲ್ಲೂ ಬೀಸಿದ ಕೋಲು ಚರ್ಮದಿಂದ ಒಂದು ಗೇಣು ದೂರದಲ್ಲಿ ನಿಂತಿದೆ. ಹಾಗೆ ತಡೆದು ನಿಲ್ಲಿಸುವುದೇ ಈ ಕಲೆಯ ಕಠಿಣ ವಿದ್ಯೆ ಎಂದುಕೊಂಡೆವು. ತಡೆದು ತಡೆದು ನಮ್ಮ ಕುಣಿತಗಾರರ ತೋಳು ಮೂವತ್ತನೆಯ ವಯಸ್ಸಿಗೇ ಸೋಲುತ್ತದೆ. ಕೋಲು ತಾಗಿಸಿದವರನ್ನು ಸಾಲಿನಿಂದ ಹೊರಹಾಕಲು ಒಬ್ಬಳಿರುತ್ತಾಳೆ, ಅವಳನ್ನು ಗೇಣುಗಾರ್ತಿ ಎನ್ನುತ್ತೇವೆ. ಇಪ್ಪತ್ತಾರು ವರ್ಷಗಳಿಂದ ಆ ಗೇಣುಗಾರ್ತಿ ನಾನು.

ನನ್ನ ಮಗಳು ತುಂಗಿ ಹನ್ನೊಂದನೆಯ ವಯಸ್ಸಿನಲ್ಲಿ ಮೂರು ಸಲ ಕೋಲು ತಾಗಿಸಿದಳು. ಮೂರನೆಯ ಸಲ ಎಲ್ಲರೆದುರು ನಾನೇ ಅವಳ ಕೈಯಿಂದ ಕೋಲು ಕಿತ್ತುಕೊಂಡೆ. “ಕೋಲಿಗೇ ತಾಗ್ಬೇಕು ಅನ್ಸತ್ತೆ ಅವ್ವೆ, ನಾನೇನ್ ಮಾಡ್ಲಿ?” ಎಂದು ಅತ್ತಳು. ಮಗಳೆಂದು ಬಿಟ್ಟರೆ ಜನ ಏನೆಂದಾರು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹನ್ನೆರಡು ವರ್ಷವಾಯಿತು, ಅವಳು ಕುಣಿತದ ಅಂಗಳಕ್ಕೆ ಕಾಲಿಟ್ಟಿಲ್ಲ. ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು.

ಹೋದ ವಾರ ಹತ್ತೊಂಬತ್ತನೆಯ ಚಿತ್ರದ ಚೌಕಟ್ಟು ಬಿಚ್ಚಿದಾಗ ಹಿಂಬದಿಯ ರಟ್ಟಿನೊಳಗೆ ನಿಮ್ಮ ನೋಟ್‌ಬುಕ್ ಸಿಕ್ಕಿತು. ನಿಮ್ಮೆದುರು ಕುಣಿದು ತೋರಿಸುತ್ತಿದ್ದ ಮಾಳಪ್ಪಜ್ಜನ ಮಾತನ್ನು ಅದರಲ್ಲಿ ಇದ್ದ ಹಾಗೇ ಬರೆದಿಟ್ಟಿದ್ದೀರಿ: “ಏನವಾ, ಇಷ್ಟ್ ಚಿತ್ರಾ ತಗದಿ, ಒಂದ್ರಾಗರ ನನ್ನ ಡೊಳ್ಳು ಬಡಿಯಾಕ ಬಿಡವಲ್ಲಿ! ನಾ ಬಡದ್ರ ಮೂರ್ ಊರಿಗೆ ಕೇಳತೈತಿ.” ಕೆಳಗೆ ನಿಮ್ಮ ಉತ್ತರ: “ಬಡದಬಿಟ್ರ ಮುಗೀತಲ್ರೀ ಅಜ್ಜಾರ. ಪೆಟ್ಟು ನೋಡೋರ ಕಿವ್ಯಾಗ ಬೀಳ್ಲಿ.”

ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಬಡಿಯುವುದು! ಮೂರು ಊರಿಗೆ ಕೇಳಿಸುವುದು! ನಿಮ್ಮ ಜನರ ಕಿವಿಯಲ್ಲಿ ಆ ಪೆಟ್ಟು ಮೊದಲೇ ಇತ್ತು, ನೀವು ಅದನ್ನು ಬಿಡಿಸದಿದ್ದರೂ ನಡೆಯಿತು. ನಮ್ಮ ಕಿವಿಯಲ್ಲಿ ಏನಿತ್ತು ತಾಯಿ? ಎಂಥ ಕೆಲಸ ಮಾಡಿದಿರಿ?

ನೋಟ್‌ಬುಕ್ಕನ್ನು ತುಂಗಿಯ ಮುಂದಿಟ್ಟೆ. ಓದಿದಳು. ಅಗಲವಾದ ನೀರಿನ ಕೊಳವೆಯ ತುಂಡೊಂದನ್ನು ತಂದು ಎರಡೂ ಬಾಯಿಗೆ ರಬ್ಬರಿನ ಹಾಳೆ ಬಿಗಿದಳು. ಮಟಮಟ ಮಧ್ಯಾಹ್ನ ಅಂಗಳದ ನಡುವೆ ನಿಂತು ಕೋಲು ಬೀಸಿದಳು. ಅಭ್ಯಾಸಬಲದಿಂದ ನನ್ನ ಕೈ ಅದನ್ನು ತಡೆಯಲು ಮುಂದೆ ಹೋಯಿತು. ಅಷ್ಟರಲ್ಲಿ ಕೋಲು ತಾಗಿತ್ತು.

ಆ ಸದ್ದನ್ನು ಹೇಗೆ ಹೇಳಲಿ? ನನ್ನ ಹಲ್ಲುಗಳು ಅದುರಿದವು. ನೆಲ ಬಿರಿಯಿತೆಂದು ಕೆಳಗೆ ನೋಡಿದೆ. ಅರವತ್ತು ಅಂತಸ್ತಿನಲ್ಲೂ ಬಾಗಿಲುಗಳು ತೆರೆದುಕೊಂಡವು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಯಾರೂ ಬೈಯಲಿಲ್ಲ. ಮೇಲಿನಿಂದ ಒಬ್ಬ ಮುದುಕಿ ಕೂಗಿದಳು, “ಇನ್ನೊಂದ್ಸಲ ಮಾಡೇ!” ನಮ್ಮೂರಿನಲ್ಲಿ ಒಬ್ಬರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತುಂಗಿ ಕೋಲನ್ನು ಮತ್ತೆ ಎತ್ತಿದಳು, ನಿಂತಳು. “ಮುಂದಿನ ಪೆಟ್ಟು ಯಾವ್ದು ಅಂತ ನಂಗೊತ್ತಿಲ್ಲ ಅವ್ವೆ,” ಎಂದಳು. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ನಿಮ್ಮ ಕಾಲದಲ್ಲಿದ್ದಾರೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಇಪ್ಪತ್ತನೆಯ ಚಿತ್ರಕ್ಕೆ ಬಟ್ಟೆ ಬಿಗಿದಾಗಿದೆ, ನಾಳೆ ಶುರು ಎಂದು ಬರೆದಿದ್ದೀರಿ. ಆ ಚಿತ್ರ ನಮ್ಮಲ್ಲಿಲ್ಲ. ನೀವು ಅದನ್ನು ಇನ್ನೂ ಮುಟ್ಟಿಲ್ಲವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾಳೆ ಮಾಳಪ್ಪಜ್ಜನಿಗೆ ಬಡಿಯಲು ಬಿಡಿ. ಕೋಲು ಚರ್ಮಕ್ಕೆ ಒತ್ತಿ ಕೂತಿರಲಿ, ಬೇಕಿದ್ದರೆ ಚಿತ್ರ ಕೆಟ್ಟುಹೋಗಲಿ. ಅಜ್ಜ ಬಾಯಲ್ಲಿ ಹೇಳುವ ಪೆಟ್ಟುಗಳನ್ನು ಮೊದಲಿನಿಂದ ಕೊನೆಯವರೆಗೆ ಅದರ ಅಂಚಿನಲ್ಲೇ ಅಕ್ಷರದಲ್ಲಿ ಬರೆಯಿರಿ.

ನಿಮ್ಮ ಚಿತ್ರಗಳ ಮಾತು ಮೀರಿ ನಡೆಯುವ ಧೈರ್ಯ ನನಗೆ ಎಂದೂ ಇರಲಿಲ್ಲ. ಹಾಗೆ ಬರೆದ ಇಪ್ಪತ್ತನೆಯದು ನಮ್ಮ ಗೋಡೆಯ ಮೇಲಿದ್ದರೆ ಕಳೆದುಹೋದ ದಿನವೂ ಬದಲಾದೀತು: ಹನ್ನೊಂದು ವರ್ಷದ ನನ್ನ ಮಗಳು ಮೂರನೆಯ ಸಲ ಕೋಲು ತಾಗಿಸಿದಾಗ ನಾನು ತಲೆಯೆತ್ತಿ ಅದನ್ನು ನೋಡುತ್ತೇನೆ. ಚಾಚಿದ ಕೈ ಕೆಳಗಿಳಿಸುತ್ತೇನೆ.

ಹಾಲವ್ವೆ
ತುಂಗಿಯ ತಾಯಿ