ಪಿನ್ನಿಲ್ಲದ ಹಿಜಾಬ್

ನವೆಂಬರ್ ೧೨, ಮಂಗಳವಾರ. ರಬಕವಿ

ತಂಗಿ ದಾವಲಬಿ, ಬೀಳಗಿಯಲ್ಲಿ ಎಲ್ಲರೂ ಆರಾಮವೇ? ನಿನ್ನ ಮೊಣಕಾಲು ಹೇಗಿದೆ? ನಿನ್ನ ಯಜಮಾನರು ಮೌಲಾಸಾಬರ ದಮ್ಮು ಇಳಿಯಿತೇ? ಸೊಸೆ ಶಾಹೀನ್, ಕೂಸು ಹೇಗಿದ್ದಾರೆ?

ನಿನಗೆ ಫೋನು ಕೇಳಿಸುವುದಿಲ್ಲ, ಅದಕ್ಕೇ ಪತ್ರ. ಮೊದಲು ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅರ್ಧಕ್ಕರ್ಧ ಇಲ್ಲೇ ಉಳಿಯುತ್ತದೆ...

ಇವತ್ತು ಎರಡೇ ಸೀರೆಗೆ ಕುಚ್ಚು ಕಟ್ಟಿದೆ. ಕೈ ಓಡಲಿಲ್ಲ. ಭಾನುವಾರ ಮೊಮ್ಮಗಳು ತಸ್ಕೀನಳಿಗೆ ಜಮಖಂಡಿಯಲ್ಲಿ ಸರ್ಕಾರಿ ನರ್ಸ್ ಪರೀಕ್ಷೆ. ಮುಂದಿನ ಸಲ ವಯಸ್ಸು ಮೀರುತ್ತದೆ. ಹಾಲ್‌ಟಿಕೆಟ್ ಹಿಂದೆ ಬರೆದಿದೆ: ಲೋಹದ ಪಿನ್ ಕೂಡದು, ತಲೆ ಮುಚ್ಚಿಕೊಳ್ಳುವವರು ಬೇಗ ಬಂದು ತಪಾಸಣೆ ಮಾಡಿಸಿಕೊಳ್ಳಬೇಕು. ಪಿನ್ನಿಲ್ಲದೆ ಹಿಜಾಬ್ ನಿಲ್ಲುವುದು ಹೇಗೆ?

ನವೆಂಬರ್ ೧೪, ಗುರುವಾರ

ತಡೆಯದೆ ಕೇಳಿಯೇಬಿಟ್ಟೆ.

"ಒಂದ ದಿನ ಬಿಟ್ಟರ ಏನಾಕ್ಕೈತಿ ಬೇ? ನಾ ಬರೇ ಸೆರಗ ಹೊತ್ತs ಇಷ್ಟ ವರ್ಷ ತಗದೀನಿ."

"ಹಂಗಾರ ನೀವೂ ಒಂದ ದಿನ ಸೆರಗ ಬಿಟ್ಟ ಪ್ಯಾಟಿಗಿ ಹೋಗಿ ಬರ್ರಿ ದಾದಿ. ಆಮ್ಯಾಲ ನನಗ ಹೇಳ್ರಿ" ಎಂದಳು ಮೊಮ್ಮಗಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಅನಸವ್ವ ನಕ್ಕಳು. "ಹುಸೇನಬಿ, ಸೋತ್ಯಲ್ಲಬೇ! ನನ್ನ ಕಿವಿನೂ ನಮ್ಮ ಮಾವ ಸಾಯೂತನಕಾ ನೋಡ್ಲಿಲ್ಲ."

ನಾನೂ ನಕ್ಕೆ. ಆದರೆ ನಮ್ಮಿಬ್ಬರದು ರೂಢಿ. ತಸ್ಕೀನಳಿಗೆ ಅದು ಫರ್ಜ್, ಬಿಡಲಾಗದ ಕರ್ತವ್ಯ. ಯಾರೂ ಹೊದಿಸಿದ್ದಲ್ಲ. ಹದಿನಾರಕ್ಕೆ ತಾನೇ ಹೊದ್ದಳು. "ಅಲ್ಲಾಗ ಕೊಟ್ಟ ಮಾತ್ರಿ" ಎನ್ನುತ್ತಾಳೆ.

ನವೆಂಬರ್ ೧೬, ಶನಿವಾರ

ದಾರಿ ಹೊಳೆಯಿತು. ಒಳಗಿನ ಟೋಪಿಗೆ ಮೇಲಿನ ಬಟ್ಟೆ ಸೇರಿಸಿ, ಗದ್ದದ ಕೆಳಗಿನವರೆಗೂ ಬಿಗಿಯಾಗಿ ಹೊಲಿದೆ. ಕುಚ್ಚಿನ ರೇಷ್ಮೆ ದಾರ, ಜೋಡು ಗಂಟು. ನನ್ನ ಗಂಟು ಬಿಚ್ಚಿದ್ದನ್ನು ಈ ಊರಲ್ಲಿ ಯಾರೂ ಕಂಡಿಲ್ಲ. ತಲೆಯ ಮೇಲಿಂದ ಇಳಿಸಿಕೊಂಡರಾಯಿತು, ಪಿನ್ನೇ ಬೇಡ. ಯಾರು ಎಳೆದರೂ ಬರುವುದಿಲ್ಲ.

"ಛಲೋ ಆಗೇತ್ರಿ ದಾದಿ" ಎಂದು ನನ್ನ ಕೈಗೆ ಮುತ್ತಿಟ್ಟಳು.

ನವೆಂಬರ್ ೧೭, ಬೆಳಗ್ಗೆ ೧೦.೪೦. ಜಮಖಂಡಿ, ಗೇಟಿನ ಹೊರಗೆ

ತಪ್ಪು ಮಾಡಿದೆ. ದೊಡ್ಡ ತಪ್ಪು.

ಬಯಲಲ್ಲೇ ಟೇಬಲ್. ತಪಾಸಣೆಗೆ ಒಬ್ಬಳೇ ಹೆಂಗಸು, ಸಾವಕ್ಕ ಎಂದು ಎಲ್ಲರೂ ಕರೆಯುತ್ತಿದ್ದರು. "ಅರಿವಿ ಸರಸ ಬೇ, ಬ್ಲೂಟೂತ್ ಐತೇನ ನೋಡಬೇಕು. ಕಿವಿ ಕಾಣಬೇಕು." ಮುಂದಿದ್ದ ಹುಡುಗಿಯರು ಮಗ್ಗುಲಿನ ಮಡಿಕೆ ಎತ್ತಿ ತೋರಿಸಿ ಒಳಗೆ ಹೋದರು. ಇವಳದು ಸರಿಯಲೇ ಇಲ್ಲ. ಕಿವಿಯ ಯೋಚನೆಯೇ ನನಗೆ ಬಂದಿರಲಿಲ್ಲ! ಬರೀ ಪಿನ್, ಪಿನ್...

"ಪೂರಾ ತಗೀಬೇಕಾಕ್ಕೈತ್ರೀ. ಒಂದ ಖೋಲಿ ಕೊಡ್ರಿ" ಎಂದಳು ತಸ್ಕೀನ್.

ಖೋಲಿಯ ಕೀಲಿ ಯಾರ ಹತ್ತಿರವೋ. ಎದುರಿಗೆ ಗಂಡಸರ ಸಾಲು. ಗೇಟು ಹಾಕಲು ಐದು ನಿಮಿಷ. ನಾನು ಹೊರಗಿನಿಂದ ಕೂಗಿದೆ, "ಹರದ ಬಿಡ ಬೇ!" ರೇಷ್ಮೆ ಹರಿಯುತ್ತದೆಯೇ?

ಸಾವಕ್ಕ ಅವಳನ್ನು ಮೆಟ್ಟಿಲ ಮರೆಗೆ ಎಳೆದಳು. ತನ್ನ ಸೆರಗನ್ನೇ ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. "ನನಗೂ ಹೆಣ್ಣಮಕ್ಕಳ ಅದಾವ. ಲಗೂನ ತಗಿ, ನನ್ನವ್ವ."

ತೆಗೆದಳು. ಅಷ್ಟರಲ್ಲಿ ಗಾಳಿ. ಸೆರಗು ಒಂದು ಕಡೆ ಜಾರಿತು. ಗಂಡಸರ ಸಾಲಿನಲ್ಲಿ ಮೂವರು ತಿರುಗಿ ನೋಡಿದರು. ಒಬ್ಬ ನಕ್ಕ.

ತಸ್ಕೀನಳ ಬೆನ್ನು ಗಂಡಸರ ಕಡೆಗಿತ್ತು, ಅವಳು ಅವರನ್ನು ಕಾಣಲಿಲ್ಲ.

ನವೆಂಬರ್ ೨೦, ಬುಧವಾರ

ಮೂರು ದಿನದಿಂದ ತಸ್ಕೀನ್ ಸರಿಯಾಗಿ ಉಂಡಿಲ್ಲ. ನಮಾಜ್ ಮುಗಿಸಿ ಜಾನಿಮಾಜಿನ ಚಾಪೆಯ ಮೇಲೆಯೇ ಕುಳಿತಿರುತ್ತಾಳೆ.

ಇವತ್ತು ನಾನೇ ಹತ್ತಿರ ಹೋದೆ.

"ಪೇಪರ ಹೆಂಗಿತ್ತ?"

"ಮೂವತ್ತ ಪ್ರಶ್ನೆ ಹಂಗs ಬಿಟ್ಟೇನ್ರಿ. ಓದಿದ್ದು ತಲ್ಯಾಗ ಇಳೀಲಿಲ್ಲ."

"ಗಂಟ ಹಾಕಿದಾಕಿ ನಾನ. ಪಾಪ ನನಗ ಬರ್ಲಿ."

"ಕೈ ಮೀರಿದಾಗ ಪಾಪ ಇಲ್ರಿ ದಾದಿ, ಅದು ನನಗೂ ಗೊತ್ತೈತಿ." ಆಮೇಲೆ ನನ್ನ ಮುಖ ನೋಡಿದಳು. "ಸೆರಗ ಜಾರಿತಲ್ರಿ... ನೀವ ಗೇಟಿನ್ಯಾಗ ನಿಂತಿದ್ರಿ. ಖರೆ ಹೇಳ್ರಿ. ಯಾರರ ನೋಡಿದ್ರೇನು?"

"ಯಾರೂ ಇಲ್ಲ" ಎಂದೆ.

"ಅಲ್ಲಾನ ಆಣಿ?"

"ಅಲ್ಲಾನ ಆಣಿ."

ಎದ್ದು ಹೋಗಿ ಎರಡು ರೊಟ್ಟಿ ತಿಂದಳು. ಈಗ ಮಲಗಿದ್ದಾಳೆ.

ದಾವಲಬಿ, ಸುಳ್ಳು ಆಣೆ ಹಾಕಿದೆ. ಖರೆ ಹೇಳಿದರೆ ಮತ್ತೆ ಊಟ ಬಿಡುತ್ತಾಳೆ. ಹೇಳದಿದ್ದರೆ, ನಂಬಿ ಕೇಳಿದವಳಿಗೆ ಮೋಸ... ನೀನಾದರೆ ಏನು ಮಾಡುತ್ತಿದ್ದೆ? ಬೇಗ ಬರೆ. ಕಾರ್ಡು ಬೇಡ, ಟಪಾಲು ಇಸಿದುಕೊಳ್ಳುವವಳು ಅವಳೇ. ಲಕೋಟೆಯಲ್ಲಿ ಹಾಕಿ, ಅನಸವ್ವನ ಮನೆಯ ವಿಳಾಸಕ್ಕೆ—

ಎದ್ದಳು. ಬೇಗ ಬರೆ, ತಂಗಿ, ನಾನು ಅವಳಿಗೆ ಖರೆ ಹೇಳಲೋ, ಬೇಡ—