ಗೆಳತಿ ಎದ್ದು ನಿಲ್ಲುವ ದೃಶ್ಯ

ಸಿಂದಗಿ
ಶುಕ್ರವಾರ, ೧೫ ನವೆಂಬರ್ ೨೦೨೪

ಫೋನ್ ಎತ್ತದ ಸಿದ್ದೀಕಾಳಿಗೆ ಭುವನೇಶ್ವರಿಯ ಸಿಟ್ಟು, ಅದರ ಬೆನ್ನಿಗೇ ನೆನಪು.

ರವಿವಾರದಿಂದ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೆಯ ಸಲ ನಿನ್ನ ಯಜಮಾನರು ಎತ್ತಿದರು. "ಆಕಿ ಇಲ್ಲೇ ಅದಾಳ್ರಿ, ಖರೆ ಇಲ್ಲ ಅಂತ ಹೇಳು ಅಂದಾಳ್ರಿ" ಎಂದರು. ಸುಳ್ಳು ಹೇಳಲು ಬಾರದ ಅಬ್ದುಲರಜಾಕ ಅಣ್ಣನನ್ನು ಕಟ್ಟಿಕೊಂಡು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಹೇಗೆ ನಡೆಸುತ್ತೀಯೋ. ಐವತ್ತರ ಹೆಂಗಸು ಹೀಗೆ ಮುಖ ಊದಿಸಿಕೊಂಡು ಕೂತರೆ ನಾನು ಪತ್ರ ಬರೆಯದೆ ಇನ್ನೇನು ಮಾಡಲಿ?

ಸಾಲಿಯ ಕೆಲಸ ಮುಗಿಸಿ, ಈ ಊರಿನಲ್ಲಿ ತಿಂಗಳಿಗೊಂದು ಒಳ್ಳೆಯ ಸಿನೆಮಾ ತೋರಿಸಲು ನಾನು ಪಡುವ ಪಾಡು ನಿನಗೆ ಗೊತ್ತಿದೆ. ಹಾಡು ಕುಣಿತ ಇಲ್ಲೇನ್ರಿ ಮೇಡಂ ಎನ್ನುವವರು, ಮರಾಠಿ ಯಾರಿಗೆ ತಿಳೀತೈತ್ರಿ ಎನ್ನುವವರು, ಬಂದು ಅರ್ಧಕ್ಕೇ ಎದ್ದು ಹೋಗುವವರು. ಇವರ ನಡುವೆ ಒಬ್ಬಳಾದರೂ ಸಂಗೀತ ತಿಳಿದವಳು ಕೂತು ನೋಡಲಿ ಎಂದು ನಿನ್ನನ್ನು ಇಂಡಿಯಿಂದ ಕರೆಸಿದೆ. ನೀನು ಮಾಡಿದ್ದೇನು?

ಸಿನೆಮಾ ಚೆನ್ನಾಗಿರಲಿಲ್ಲ ಎಂದು ಹೇಳಲು ನಿನಗೂ ಬಾಯಿ ಬರಲಿಕ್ಕಿಲ್ಲ. ಹಲಗೆ ಬಾರಿಸುವವರ ಮನೆಯ ಹುಡುಗಿ ಖಯಾಲು ಕಲಿಯುತ್ತಾಳೆ. ಹಾಡುವ ದಿನ ದೊಡ್ಡವರ ವಾಡೆಯಲ್ಲಿ ಅವಳನ್ನು ವೇದಿಕೆ ಹತ್ತಗೊಡುವುದಿಲ್ಲ. ನಿರ್ದೇಶಕ ಎಲ್ಲಿಯೂ ಭಾಷಣ ಮಾಡಿಸಿಲ್ಲ. ಮೂರು ನಿಮಿಷ ಬರೀ ತಂಬೂರಿ ಶ್ರುತಿ ಮಾಡುವುದನ್ನೇ ತೋರಿಸಿದ್ದಾನೆ. ತಂತಿ ಏರಿಸುವ ಆ ಬೆರಳುಗಳಲ್ಲೇ ಹುಡುಗಿಯ ಆಸೆ, ಅಂಜಿಕೆ ಎರಡೂ ಕಾಣುತ್ತವೆ. ನಮ್ಮ ಜನ ಆ ಮೂರು ನಿಮಿಷವೂ ಮೊಬೈಲ್ ನೋಡಿದರು, ಅದು ಬೇರೆ ಮಾತು. ಕೊನೆಗೆ ಅವಳ ಗೆಳತಿ ತುಂಬಿದ ಸಭೆಯಲ್ಲಿ ಎದ್ದು ನಿಂತು, ಅವಳು ಹಾಡದಿದ್ದರೆ ನಾನೂ ಹಾಡುವುದಿಲ್ಲ ಎಂದಾಗ ಮಾತ್ರ ಇಡೀ ಹಾಲ್ ಕಣ್ಣೊರೆಸಿಕೊಂಡಿತು. ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ನೀನು ಪಕ್ಕದಲ್ಲೇ ಇದ್ದೆ, ನೋಡಿದ್ದೀ.

ಆಮೇಲೆ ಮಾತಾಡುವವರು ಯಾರೂ ಇಲ್ಲವೆಂದು ನಾನೇ ನಿನ್ನ ಕೈಗೆ ಮೈಕು ಕೊಟ್ಟೆ. ನೀನು ಎದ್ದು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ:

"ಸಿನೆಮಾ ಚಲೋ ಐತ್ರಿ. ತಂಬೂರಿ ಕೂಡಿಸೂದು ಪೂರಾ ತೋರ್ಸ್ಯಾರ, ಅದು ಭಾಳ ಸೇರ್ತು. ಖರೆ ಆ ಗೆಳತಿ ಎದ್ದು ನಿಲ್ಲೂದು ಸುಳ್ಳರಿ. ಗೆಳತಿ ಏಳಂಗಿಲ್ಲ. ಕುಂತು ಹಾಡ್ತಾಳ."

ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ತಿಳಿದರೂ ದೊಡ್ಡ ಪಂಡಿತಳ ಹಾಗೆ ಮೈಕು ಇಸಿದುಕೊಂಡು, ಕಲೆ ಇರುವುದನ್ನಷ್ಟೇ ಅಲ್ಲ, ಇರಬೇಕಾದದ್ದನ್ನೂ ತೋರಿಸುತ್ತದೆ ಎಂದು ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ನೀನು ಚೀಲ ಎತ್ತಿಕೊಂಡು ನಡೆದೆ. ನಾನು ಬಸ್ ಸ್ಟ್ಯಾಂಡಿನವರೆಗೆ ಓಡಿ ಬಂದೆ, ಬಸ್ಸು ಹೊರಟಾಗಿತ್ತು. ಮನೆಯಲ್ಲಿ ನಿನಗೆಂದು ಮಾಡಿದ್ದ ಎಣ್ಣೆಗಾಯಿಯನ್ನು ಮರುದಿನವೂ ನಾವೇ ತಿಂದೆವು.

ಮೂವತ್ತೊಂದು ವರ್ಷ, ಸಿದ್ದೀ. ನನ್ನ ಅಡುಗೆಮನೆಯಲ್ಲಿ ಕೂತು ಹೇಳಬಹುದಿತ್ತು. ನಿನ್ನ ಮಗಳು ಮುಬಿನಳ ಮದುವೆಯಲ್ಲಿ ಇಬ್ಬರೇ ಬಳೆ ಜೋಡಿಸುತ್ತ ಕೂತಿದ್ದೆವು, ಆಗ ಹೇಳಬಹುದಿತ್ತು. ರಮಜಾನಿಗೆ ಸುರಕುಂಬಾ ಕುಡಿಸುವಾಗ ಬೈಯಬಹುದಿತ್ತು. ಅಷ್ಟೂ ವರ್ಷ ನಗುನಗುತ್ತ ಇದ್ದು, ನಲವತ್ತು ಜನರ ಮುಂದೆ ಮೈಕಿನಲ್ಲಿ ಹೇಳುವುದೇ? ನಾನು ಕೇಳದ ದಿನ ಯಾವುದಿತ್ತು?

ನಾನಾಗಿ ಎಂದೂ ಕೇಳಲಿಲ್ಲ, ನಿಜ. ಅದನ್ನೂ ಬರೆಯುತ್ತೇನೆ.

ಬಸವನ ಬಾಗೇವಾಡಿಯ ಆ ವ್ಯಾಪಾರಿಯ ವಾಡೆ ನನಗೂ ಕಣ್ಣಿಗೆ ಕಟ್ಟಿದಂತಿದೆ. ತೊಂಬತ್ತಮೂರನೆಯ ಇಸವಿ. ಊರೂರಿನಲ್ಲೂ ಜನ ಒಬ್ಬರನ್ನೊಬ್ಬರು ಹೆಸರು ಕೇಳಿ ಅಳೆದು ನೋಡುತ್ತಿದ್ದ ವರ್ಷ. ನಮಗೆ ಹತ್ತೊಂಬತ್ತು. ನಮ್ಮ ಸಂಗೀತದ ಬಸಂತರಾಯ ಮಾಸ್ತರು ಅಲ್ಲಿ ಹಾಡಲೆಂದೇ ಆರು ತಿಂಗಳು ಕೂಡಿಸಿ ನಿನಗೆ ಭೀಮಪಲಾಸ ತಿದ್ದಿದ್ದರು. ನಾನು ಹಿಂದೆ ಕೂತು ತಂಬೂರಿ ನುಡಿಸಬೇಕಾದವಳು. ಆ ಮನೆಯ ಹಿರಿಯರು ಮಾಸ್ತರನ್ನು ಒಳಗೆ ಕರೆದು ಏನೋ ಅಂದರು. ಮಾಸ್ತರು ಹೊರಗೆ ಬಂದು, "ಸಿದ್ದೀಕಾ, ನಿನ್ನ ದನಿ ಕುಂತೈತಿ. ಭುವನಾ ಹಾಡ್ಲಿ" ಎಂದರು. "ನನ್ನ ದನಿ ಕುಂತಿಲ್ರಿ ಸರ" ಎಂದೆ ನೀನು, ಅಷ್ಟೇ. ಆಮೇಲೆ ನನ್ನ ಕೈಯಿಂದ ತಂಬೂರಿ ತೆಗೆದುಕೊಂಡು ಹಿಂದೆ ಹೋಗಿ ಕೂತೆ. ನಿನ್ನ ರಾಗವನ್ನು ನಾನು ಹಾಡಿದೆ, ನೀನು ಶ್ರುತಿ ಹಿಡಿದೆ. ಜನ ನನಗೆ ಶಾಲು ಹೊದಿಸಿದರು. ಮರುದಿನದಿಂದ ನೀನು ಪಾಠಕ್ಕೆ ಬರಲಿಲ್ಲ.

ಮಾಸ್ತರು ಹೇಳಿದ ಮೇಲೆ ನಾನೇನು ಮಾಡಲಿ ಎಂದು ಇಷ್ಟು ವರ್ಷ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆ ಸಿನೆಮಾ ತರಿಸುವ ಮೊದಲು ಎರಡು ಸಲ ನೋಡಿದ್ದೆ. ಕಥೆ ಗೊತ್ತಿದ್ದೇ ನಿನ್ನನ್ನು ಕರೆದೆ. ನಿನ್ನ ಪಕ್ಕದಲ್ಲಿ ಕೂತು ಅತ್ತರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ, ಬಾಯಿ ಬಿಡುವ ತ್ರಾಸು ತಪ್ಪುತ್ತದೆ ಎಂದುಕೊಂಡೆ. ಪರದೆಯ ಮೇಲಿನ ಹುಡುಗಿಗಾಗಿ ಅಳುವುದು ಎಷ್ಟು ಸುಲಭ ನೋಡು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ನನಗೆ, ಎಂಥಾ ಚಲೋ ಸಿನೆಮಾ ಆರಿಸೀರಿ ಮೇಡಂ ಎಂದರು. ನನಗೆ ನನ್ನ ಮೇಲೇ ರೇಗಿಹೋಗಿದೆ, ಅದನ್ನು ನಿನ್ನ ಮೇಲೆ ಕಾರುತ್ತಿದ್ದೇನೆ.

ಇಂದು ಬೆಳಿಗ್ಗೆ ಚಹಾ ಕುಡಿಯುತ್ತ ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಸಂಜೀವಕುಮಾರ ಎಂದಿನಂತೆ ಪೇಪರು ಮಡಚದೆಯೇ, "ನನ್ನ ಮುಂದ ಹೇಳಿದ್ರ ಏನ್ ಬಂತು? ಆಕಿಗೆ ಹೇಳು" ಎಂದರು. ಹೇಳಿದ್ದೇನೆ. ನಾನು ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತಪ್ಪಾಯಿತು.

ಮುಂದಿನ ವಾರದ ರವಿವಾರ ಮುಂಜಾನೆಯ ಬಸ್ಸಿಗೆ ಇಂಡಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಅಬ್ದುಲರಜಾಕ ಅಣ್ಣನ ಕೈಲಿ ಮಾತ್ರ ಮತ್ತೆ ಸುಳ್ಳು ಹೇಳಿಸಬೇಡ. ಅವರಿಗೆ ಬರುವುದಿಲ್ಲ.

ನಿನ್ನ ಮೇಲೆ ರೇಗುವ ಹಕ್ಕು ಇಲ್ಲದ,
ಭುವನಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ, ನಮ್ಮವರಿಗೂ ಅದನ್ನು ಹೇಳಿಲ್ಲ. ಆ ದಿನ ಮಾಸ್ತರು ಒಳಗಿನಿಂದ ಬಂದವರು ಮೊದಲು ನನ್ನನ್ನು ಹಿತ್ತಲಿಗೆ ಕರೆದು, "ಸಿದ್ದೀಕಾ ಬ್ಯಾಡ ಅನ್ನಾಕತ್ತಾರ. ಗಂಟು ಕಟ್ಟಿ ಹೊಳ್ಳಿ ಹೋಗೂಣು, ಏನಂತಿ?" ಎಂದು ಕೇಳಿದ್ದರು. "ಇಷ್ಟು ದೂರ ಬಂದೇವಿ, ನಾನು ಹಾಡ್ತೇನ್ರಿ ಸರ" ಅಂದವಳು ನಾನು. ದನಿ ಕೂತಿದೆ ಎಂದು ಹೇಳಿರಿ ಎಂದು ಕಲಿಸಿಕೊಟ್ಟವಳೂ ನಾನೇ. ನೀನು ಆ ಮನುಷ್ಯನನ್ನು ಸಾಯುವವರೆಗೆ ಮಾತಾಡಿಸಲಿಲ್ಲ, ಮಣ್ಣಿಗೂ ಬರಲಿಲ್ಲ. ಅವರೂ ನನ್ನ ಹೆಸರು ಹೇಳಲಿಲ್ಲ.