ಭಿತ್ತಿಪಟದಲ್ಲಿ ಇಲ್ಲದ ಗುಳಿಗೆ

ಅಂಬತ್ತೂರು, ಚೆನ್ನೈ
೧೭ ಆಗಸ್ಟ್ ೨೦೨೫

ಪ್ರೀತಿಯ ಪ್ರಣಮ್ಯಾ,

ಶರಣು, ಮಗಳೇ. ನಿನ್ನ ಹುಟ್ಟುಹಬ್ಬಕ್ಕೆ ತಲುಪಬೇಕಾಗಿದ್ದ ಪತ್ರವಿದು. ನೀನು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ತಿದ್ದಿದ ವರ್ಷದಿಂದ ಈ ಪತ್ರ ಎಂದೂ ತಪ್ಪಿರಲಿಲ್ಲ; ಈ ಸಲ ತಡವಾಯಿತು, ಮನ್ನಿಸು. ಬರೆಯಲು ಕುಳಿತಾಗಲೆಲ್ಲ ನಿಮ್ಮ ಮನೆಯ ವಿಷಯವೇ ಅಡ್ಡ ಬರುತ್ತಿತ್ತು. ಫೋನಿನಲ್ಲಿ ಹೇಳಬಹುದಾಗಿತ್ತು. ಆದರೆ ಫೋನಿನಲ್ಲಿ ನೀನು “ಸರಿ ಮಾವ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀಯೆ. ಕಾಗದವನ್ನು ಹಾಗೆ ಅರ್ಧದಲ್ಲಿ ಇಡಲು ಬರುವುದಿಲ್ಲ.

ಕೊಯಮತ್ತೂರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಹೇಗಿದೆ? ಅಂತಿಮ ಪರೀಕ್ಷೆಗೆ ಮತ್ತೆ ಕೂರುತ್ತಿರುವೆಯೆಂದು ನಿನ್ನ ತಾಯಿ ಹೇಳಿದರು. ಪರೀಕ್ಷೆ ಇನ್ನೊಂದು ವರ್ಷ ಕಾದರೂ ನನಗೆ ಬೇಸರವಿಲ್ಲ, ಮನೆಯವರಿಗೂ ಇರಬಾರದು.

ನಿನ್ನ ಅಜ್ಜಿ ನೀಲಗಂಗಮ್ಮನವರಿಗೆ “ಸ್ವಲ್ಪ ಹುಷಾರಿರಲಿಲ್ಲ” ಎಂದಷ್ಟೇ ಮನೆಯವರು ನಿನಗೆ ತಿಳಿಸಿದ್ದಾರೆ. ಈಗ ಅವರು ಎದ್ದು ಓಡಾಡುತ್ತಿದ್ದಾರೆ, ಗಾಬರಿ ಬೇಡ. ಆದರೆ ನಡೆದದ್ದನ್ನು ನೀನು ಪೂರ್ತಿಯಾಗಿ ತಿಳಿಯಬೇಕು. ಅದರಲ್ಲಿ ನಿನ್ನ ತಮ್ಮ ಸಾಯಿಗೆ ಒಂದು ಅನ್ಯಾಯವಾಯಿತು, ಮತ್ತು ಮಾಡಿದವನು ನಾನು.

ಜುಲೈ ತಿಂಗಳಿಂದ ನಮ್ಮ ತರಗತಿಯಲ್ಲಿ ಮಾದಕ ವಸ್ತುಗಳ ಬಗ್ಗೆ ಪಾಠ ಆರಂಭಿಸಿದ್ದೆ. ನಮ್ಮ ಮಕ್ಕಳು ಕಾಲೇಜಿನ ಬಾಗಿಲಲ್ಲಿ ಏನೇನು ನೋಡುತ್ತಾರೋ ಎಂಬ ಭಯ ನನಗೆ. ದೊಡ್ಡದೊಂದು ಭಿತ್ತಿಪಟ ಬರೆಸಿದೆ: ಗಾಂಜಾ ಎಲೆ, ಬಿಳಿಯ ಪುಡಿ, ಸೂಜಿ, ಅಡ್ಡಲಾಗಿ ಕೆಂಪು ಗೀಟು. ಅದನ್ನು ತೂಗುಹಾಕಿ ಮಾತನಾಡುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಸಾಯಿ ತೂಕಡಿಸುತ್ತಿದ್ದ. ಕಣ್ಣು ಕೆಂಪಗಿತ್ತು. ಗಿರಿಧರನ ಮಗಳು ಶ್ರೀಯಾ ಸುಮ್ಮನಿರುವವಳೇ? “ಮಾವ, ಪೋಸ್ಟರ್ ಎದುಕ್ಕು? ಸಾಯಿ ಇಲ್ಲೇ ಲೈವ್ ಡೆಮೊ ಕೊಡ್ತಿದ್ದಾನೆ ನೋಡಿ” ಎಂದಳು. ಕೋಣೆಯೆಲ್ಲ ನಕ್ಕಿತು. ಸಾಯಿ ನಗಲಿಲ್ಲ. ಆ ನಗದ ಮುಖವೇ ನನ್ನ ಮನಸ್ಸಿನಲ್ಲಿ ಮೊದಲ ಮುಳ್ಳಾಯಿತು.

ಎರಡನೆಯದನ್ನು ಚುಚ್ಚಿದವರು ನಿಮ್ಮ ಪಕ್ಕದ ಮನೆಯ ಲೀಲಮ್ಮ. ಧ್ವನಿ ತಗ್ಗಿಸಿ ಹೇಳಿದರು: “ನಾನು ಹೇಳ್ದೆ ಅಂತ ಹೇಳ್ಬೇಡಿ ಚನ್ನವೀರಪ್ಪನೋರೇ. ಶುಕ್ರವಾರ ಗಿಡ ತರಕ್ಕೆ ಪಲ್ಲಾವರಂ ಸಂತೆಗೆ ಹೋಗಿದ್ನಾ, ಅಲ್ಲೊಂದು ಮೆಡಿಕಲ್ ಶಾಪಲ್ಲಿ ನಿಮ್ಮ ಸಾಯಿ! ನನ್ನ ನೋಡಿದ್ದೇ ತಡ, ಪೊಟ್ಟಣ ಬ್ಯಾಗೊಳಗೆ ತುರುಕ್ದ. ಯಾಕೆ, ನಮ್ಮ ಅಂಬತ್ತೂರಲ್ಲಿ ಮೆಡಿಕಲ್ ಶಾಪಿಗೆ ಬರಗಾಲವಾ?”

ಬರಗಾಲವಿಲ್ಲವಲ್ಲ! ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಹುಡುಗನೊಬ್ಬ ಔಷಧಿ ಕೊಳ್ಳುವುದೆಂದರೆ ಏನರ್ಥ? ಅಂದಿನಿಂದ ನನ್ನ ಕಣ್ಣಿಗೆ ಅವನ ಪ್ರತಿಯೊಂದು ನಡೆಯೂ ಸಾಕ್ಷ್ಯವಾಯಿತು. ಫೋನನ್ನು ಬೋರಲಾಗಿ ಇಟ್ಟರೆ ಏಕೆ ಇಟ್ಟ? ಬೈಕಿನ ಮೇಲೆ ಬಂದು ಅವನನ್ನು ಕರೆದೊಯ್ಯುವ ಗೆಳೆಯ ಯಾರು? ಒಂದು ಸಂಜೆ ಆ ಗೆಳೆಯರು ಸೇರುವ ಟೀ ಅಂಗಡಿಯ ಎದುರು ಪತ್ರಿಕೆ ಹಿಡಿದು ನಿಂತಿದ್ದೆ. ಅವರು ತಿಂದದ್ದು ಬಜ್ಜಿ, ಕುಡಿದದ್ದು ಚಹಾ. ಅಷ್ಟಕ್ಕೆ ಸಮಾಧಾನಪಡದೆ, ಬೆನ್ನು ತಟ್ಟುವ ನೆಪದಲ್ಲಿ ಅವನ ಅಂಗಿಯ ವಾಸನೆಯನ್ನೂ ನೋಡಿದೆ. ಕೈಹಿಡಿದು ಬರೆಸಿದ ಹುಡುಗನನ್ನು ಹೀಗೆ ಮೂಸಿ ನೋಡಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ ಮೆಟ್ಟಿಲ ಬಳಿ ಅವನನ್ನು ತಡೆದು ಚೀಲ ತೆರೆಯಲು ಹೇಳಿದೆ.

“ಏನ್ ಮಾವ ಇದು, ಪೊಲೀಸಾ ನೀವು?”

“ತೆರೆ ಅಂದೆ.”

ಪುಸ್ತಕಗಳ ಕೆಳಗೆ ಗುಳಿಗೆಗಳ ಪಟ್ಟಿಗಳಿದ್ದವು. ನಿದ್ದೆಗೂ ಗಾಬರಿಗೂ ವೈದ್ಯರು ಕೊಡುವಂಥವು. ಯಾರದೆಂದು ಕೇಳಿದೆ. “ಸತ್ಯಮಾ ನಂದಲ್ಲ ಮಾವ” ಎಂದ. ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದೆ. ಇನ್ನು ಮುಂದೆ ಒಂದನ್ನೂ ಕೊಳ್ಳಕೂಡದು, ಕೊಂಡರೆ ನಿಮ್ಮ ತಂದೆಗೆ ತಿಳಿಸುತ್ತೇನೆ ಎಂದಾಗ ಮಾತ್ರ ಅವನ ಮುಖ ಬಿಳಚಿತು. “ಅಪ್ಪಂಗೆ ಬೇಡ ಮಾವ, ಪ್ಲೀಸ್. ಅಪ್ಪಂಗೆ ಮಾತ್ರ ವೇಂಡಾ” ಎಂದ. ನನಗೆ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕಿರಲಿಲ್ಲ. ಗುಳಿಗೆಗಳನ್ನು ಕಿತ್ತುಕೊಂಡು ಮನೆಗೆ ಬಂದೆ. ಒಂದು ಮಗುವನ್ನು ಉಳಿಸಿದೆನೆಂಬ ಹೆಮ್ಮೆ ಬೇರೆ.

ಬುಧವಾರ ಬೆಳಿಗ್ಗೆ ಅವನ ಫೋನು. “ಮಾವ, ಆ ಟ್ಯಾಬ್ಲೆಟ್ ವಾಪಸ್ ಕೊಡಿ. ಅರ್ಜೆಂಟ್. ಈಗ್ಲೇ ಬರ್ತೀನಿ.” ಧ್ವನಿ ನಡುಗುತ್ತಿತ್ತು. ಚಟ ಹಿಡಿದವರ ಧ್ವನಿ ಹೀಗೆಯೇ ನಡುಗುತ್ತದೆಂದು ನಾನು ಓದಿದ್ದೆ. ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕು, ಈ ಸಂಕಟ ದಾಟಿಹೋಗುತ್ತದೆ, ನಾನಿದ್ದೇನೆ ಎಂದು ಉಪದೇಶ ಆರಂಭಿಸಿದೆ. ನಡುವೆಯೇ ಅವನು ಕೂಗಿದ:

“ಅಯ್ಯೋ, ನಂಗಲ್ಲ ಮಾವ! ಅಜ್ಜಿಗೆ! ಕೈಯೆಲ್ಲಾ ಆಡ್ತಿದೆ, ನನ್ನ ಗುರ್ತು ಸಿಗ್ತಿಲ್ಲ ಅವ್ಳಿಗೆ!”

ನಾನು ಓಡಿದೆ. ನಿನ್ನ ಅಮ್ಮ ಬ್ಯಾಂಕಿಗೂ ಅಪ್ಪ ರೈಲ್ವೆ ಕಾರ್ಖಾನೆಗೂ ಹೊರಟುಹೋಗಿದ್ದರು. ಸಾಯಿ ಅಜ್ಜಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ. ಅವರ ಮೈಯೆಲ್ಲ ಬೆವರು, ಹಲ್ಲು ಕಟಕಟ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿನ ವೈದ್ಯೆ ಗುಣವತಿ ನಮ್ಮ ಕಡೆಯವರೇ. ಅಜ್ಜಿಗೆ ಔಷಧಿ ಕೊಟ್ಟು ನಡುಕ ತಗ್ಗಿಸಿದ ಮೇಲೆ ಹೊರಗೆ ಬಂದು, “ಈ ಮಾತ್ರೆ ನಿಲ್ಲಿಸಿದ್ದು ಯಾರು?” ಎಂದರು. ನಾನೆಂದೆ. “ನಿಲ್ಲಿಸ್ಬೇಕಾದ್ದೇ ಸಾರ್, ಆದ್ರೆ ಹೀಗಾ? ತಿಂಗಳಾನುಗಟ್ಟಲೆ ನುಂಗಿದ ಮೈ ಅದು. ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಬೇಕು. ನೀವು ಮಹಡಿಯಿಂದ ತಳ್ಳಿದ್ದೀರಿ. ಫಿಟ್ಸ್ ಬಂದಿದ್ರೆ ಏನು ಮಾಡ್ತಿದ್ರಿ?” ಆಗ ಸಾಯಿ ಎಲ್ಲವನ್ನೂ ಬಿಡಿಸಿ ಹೇಳಿದ. ಅಜ್ಜಿ ಸೊಂಟದ ನೋವಿಗೆ ತೋರಿಸಲು ಹೋದಾಗ, ನಿದ್ದೆಯಿಲ್ಲವೆಂದದ್ದಕ್ಕೆ ಒಬ್ಬ ವೈದ್ಯರು ಸ್ವಲ್ಪ ದಿನದ ಮಟ್ಟಿಗೆ ಬರೆದುಕೊಟ್ಟ ಗುಳಿಗೆಯಂತೆ. ಅವಧಿ ಮುಗಿದರೂ ಅಜ್ಜಿ ಬಿಡಲಿಲ್ಲ. ಹತ್ತಿರದ ಅಂಗಡಿಯವರು ಹೊಸ ಚೀಟಿಯಿಲ್ಲದೆ ಕೊಡುವುದಿಲ್ಲವೆಂದರು. ಪಲ್ಲಾವರಂನ ಅಂಗಡಿಯವನೊಬ್ಬ “ಪಾಟಿಗೆ ತಾನೇ ತಂಬಿ”, ಅಜ್ಜಿಗೆ ತಾನೇ, ಎಂದು ಕೊಡುತ್ತಿದ್ದ. ಅಜ್ಜಿ ನಿದ್ದೆಗಣ್ಣಲ್ಲಿ ಎದ್ದು ಬೀಳುತ್ತಾರೆಂದು ಸಾಯಿ ಅವರ ಕೋಣೆಯಲ್ಲೇ ಮಲಗುತ್ತಿದ್ದ. ಕೆಂಪು ಕಣ್ಣಿಗೆ ಅದೇ ಕಾರಣ. ಅಪ್ಪನಿಗೆ ಹೇಳಬಾರದೆಂದು ಅಜ್ಜಿ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡಿದ್ದರು. ಹುಡುಗ ಆಣೆ ಉಳಿಸಿಕೊಂಡು ನನ್ನಿಂದ ಕಳ್ಳನೆನಿಸಿಕೊಂಡ.

ಚೇತರಿಸಿಕೊಂಡ ಮೇಲೂ ಅಜ್ಜಿ ಬಗ್ಗಲಿಲ್ಲ. ಗದಗಿನ ಗತ್ತು ನಿನಗೆ ಗೊತ್ತೇ ಇದೆ. “ನಾ ಏನ್ ಸೆರೆ ಕುಡದೇನೇನು? ಡಾಕ್ಟರ್ ಬರದ ಗುಳಿಗಿ, ಅಂಗಡ್ಯಾಗ ಬಿಲ್ ಹಾಕಿ ಮಾರ್ತಾರ. ಚಟ ಅಂತೀರಲ್ಲ, ನಾಲಗಿಗೆ ಎಲುಬಿಲ್ಲೇನು ನಿಮಗ?” ಎಂದು ವೈದ್ಯೆಯನ್ನೇ ಗದರಿದರು. ಗುಣವತಿ ಮಂಚದ ಪಕ್ಕದಲ್ಲೇ ಕುಳಿತು, ಅಂಗಡಿಯಲ್ಲಿ ಸಿಕ್ಕ ಮಾತ್ರಕ್ಕೆ ಮೈಗೆ ಒಗ್ಗುತ್ತದೆಂದಲ್ಲ, ಒಬ್ಬರಿಗೆ ಒಂದಷ್ಟು ದಿನಕ್ಕೆಂದು ಅಳೆದು ಬರೆದದ್ದು ಆ ಅಳತೆ ದಾಟಿದರೆ ಇದೂ ಸೆರೆಯದೇ ಜಾತಿ ಎಂದು ತಾಳ್ಮೆಯಿಂದ ಹೇಳಿದರು. ಆಮೇಲೆ, ಗುಳಿಗೆ ಇಷ್ಟು ಬೇಗ ಬೇಗ ಏಕೆ ಮುಗಿಯುತ್ತಿತ್ತೆಂದು ಕೇಳಿದರು.

ಉತ್ತರ ಇದು: ಅಜ್ಜಿ ಗುಳಿಗೆಗಳನ್ನು ವಿಭೂತಿ ಕರಡಿಗೆಯಲ್ಲಿಟ್ಟು, ಸಂಜೆಯ ಲಿಂಗಪೂಜೆಯಾದ ಮೇಲೆ ನುಂಗುತ್ತಿದ್ದರು. ಸೋಮವಾರ ವಚನ ಹಾಡಲು ಬರುವ ಹೆಂಗಸರಲ್ಲಿ ಯಾರಾದರೂ ನಿದ್ದೆಯಿಲ್ಲವೆಂದರೆ ಮುರಿದು ಅರ್ಧ ಕೊಡುತ್ತಿದ್ದರು. “ಮನ್ಯಾಗ ಇದ್ದದ್ದು ನಾಲ್ಕು ಮಂದಿಗೆ ಹಂಚದ ಒಬ್ಬಾಕೀನ ನುಂಗಲೇನು? ನಮ್ಮ ಮನಿತನದಾಗ ಹಂಗ ತಿಂದವರಿಲ್ಲ” ಎಂದರು. ದಾಸೋಹದ ಮನೆಯಲ್ಲಿ ಹುಟ್ಟಿದವರು ಗುಳಿಗೆಯನ್ನೂ ದಾಸೋಹ ಮಾಡಿಬಿಟ್ಟಿದ್ದರು! ಈಗ ಆ ಹೆಂಗಸರನ್ನೆಲ್ಲ ಗುಣವತಿಯವರಲ್ಲಿಗೆ ಒಬ್ಬೊಬ್ಬರಾಗಿ ಕಳುಹಿಸುತ್ತಿದ್ದೇವೆ. ಅವರಲ್ಲಿ ಲೀಲಮ್ಮನೂ ಒಬ್ಬರು. ಹುಡುಗನ ಮೇಲೆ ಚಾಡಿ ಹೇಳುವಾಗ ತಮ್ಮ ಪಾಲಿನ ಅರ್ಧ ಅವರಿಗೆ ನೆನಪಾಗಿರಲಿಲ್ಲ.

ಸಾಯಿಯ ಬಳಿ ಹೋಗಿ ಕ್ಷಮೆ ಕೇಳಿದೆ. “ಪರವಾಯಿಲ್ಲ ಮಾವ” ಎಂದ. ಆಮೇಲೆ ಹೇಳಿದ: “ನಿಮ್ಮ ಪೋಸ್ಟರಲ್ಲಿ ಗಾಂಜಾ ಇತ್ತು, ಪುಡಿ ಇತ್ತು, ಸೂಜಿ ಇತ್ತು. ಎದ್ದು ಕೇಳೋಣ ಅಂತ ಎಷ್ಟು ಸಲ ಅನ್ಕೊಂಡೆ. ಆದ್ರೆ ನಮ್ಮನೇದು ಅದ್ರಲ್ಲಿ ಇರ್ಲಿಲ್ಲ.”

ಭಿತ್ತಿಪಟವನ್ನು ಇಳಿಸಿದ್ದೇನೆ. ಅಪಾಯವು ಹೊರಗಿನಿಂದ, ಕೆಟ್ಟ ಗೆಳೆಯರಿಂದ ಮಾತ್ರ ಬರುತ್ತದೆಂದು ಮಕ್ಕಳಿಗೆ ಕಲಿಸುತ್ತಿದ್ದೆ. ಕೆಮ್ಮಿನ ಔಷಧಿ, ನೋವಿನ ಮಾತ್ರೆ, ಅಪ್ಪಂದಿರ ಬಾಟಲಿ, ನನ್ನ ವಯಸ್ಸಿನವರ ನಶ್ಯ — ಮನೆಯ ಕಪಾಟಿನಿಂದಲೇ ಪಾಠ ಆರಂಭವಾಗಬೇಕಿತ್ತು. ಮುಂದಿನ ವಾರ ಸಾಯಿಯೇ ತರಗತಿಯ ಮುಂದೆ ನಿಂತು ಮಾತನಾಡುತ್ತೇನೆಂದಿದ್ದಾನೆ. ಶ್ರೀಯಾ ಮೊದಲ ಸಾಲಿನಲ್ಲಿ ಕೂರುವ ಶಿಕ್ಷೆಯನ್ನು ತಾನೇ ವಿಧಿಸಿಕೊಂಡಿದ್ದಾಳೆ. ಈ ಮಕ್ಕಳ ಮೇಲಿನ ನನ್ನ ಭರವಸೆ ಇನ್ನೂ ಹೆಚ್ಚಿದೆ, ಪ್ರಣಮ್ಯಾ. ನನ್ನ ಕಣ್ಣಿನ ಮೇಲಿನ ಭರವಸೆ ಮಾತ್ರ ಕುಗ್ಗಿದೆ.

ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ತಿನ್ನು. ಓದು ಸಾಕೆನಿಸಿದಾಗ ಸಾಕುಮಾಡು. ನಿನ್ನ ಬದುಕು ಬೆಳಕಾಗಿರಲಿ, ನಿನ್ನ ಸುತ್ತ ನಿನ್ನನ್ನು ಬಲ್ಲವರು ಸದಾ ಇರಲಿ.

ನಿನ್ನ ಒಳಿತನ್ನು ಬಯಸುವ,
ಚನ್ನವೀರಪ್ಪ ಮಾವ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಆ ವೈದ್ಯರು ಚೀಟಿ ಬರೆಯುವುದಕ್ಕೂ ಮುಂಚೆ, ಮೊತ್ತಮೊದಲ ಗುಳಿಗೆಯನ್ನು ಕೊಟ್ಟವರು ಯಾರೆಂದು ಗುಣವತಿ ಅಜ್ಜಿಯನ್ನು ಕೇಳಿದರು. ಆಗ ಕೋಣೆಯಲ್ಲಿ ಇದ್ದವನು ನಾನೊಬ್ಬನೇ. ಅಜ್ಜಿಯ ಮುಖ ಅರಳಿತು. “ನಮ್ಮ ಪ್ರಣಮ್ಯಾ. ಹ್ವಾದ ವರ್ಷ ಪರೀಕ್ಷಾ ಮುಗಿಸಿ ಬಂದಾಗ ಬಾಜೂಕ ಮಲಗಿತ್ತು ಕೂಸು. ನನಗ ನಿದ್ದಿ ಹತ್ತವಲ್ದು ಅಂತ ತನ್ನ ಗುಳಿಗ್ಯಾಗ ಅರ್ಧ ಮುರದು ಕೊಟ್ಟಳು. ಈಗೂ ದಿನಾ ಫೋನ್ ಮಾಡಿ ‘ನಿನ್ನ ಗುಳಿಗಿ ಆತೇನಬೇ, ನಂದಾತು’ ಅಂತಾಳ” ಎಂದರು. ನಿನ್ನ ಮನೆಯವರಿಗೆ ಇದು ತಿಳಿಯದು. ನೀನು ಹೇಳುವ ತನಕ ನನ್ನಿಂದ ತಿಳಿಯುವುದೂ ಇಲ್ಲ. ಒಮ್ಮೆ ಒಬ್ಬರನ್ನು ಶಂಕಿಸಿ ತಪ್ಪಿದವನು ನಾನು. ಈ ಸಲ ಶಂಕಿಸುತ್ತಿಲ್ಲ, ಕೇಳುತ್ತಿದ್ದೇನೆ. ಈ ಕಾಗದ ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡ. ಗುಣವತಿಯವರ ಬಳಿ ನಿನಗಾಗಿ ಸಮಯ ಕೇಳಿಟ್ಟಿದ್ದೇನೆ, ಬಯ್ಯುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದಾರೆ. ನೀನು ಹೂಂ ಎಂದರೆ ನಾನೇ ಬಂದು ಕರೆತರುತ್ತೇನೆ. ನಿನಗೆ ಅದನ್ನು ಯಾರು ಕೊಟ್ಟರೆಂದು ಕೇಳುವುದಿಲ್ಲ. ಎಂದಿನಿಂದ ನಿದ್ದೆಯಿಲ್ಲ, ಮಗಳೇ? ಏಕೆ?